ಎಡಪುಟದಲ್ಲಿ ಕಥೆ, ಬಲಪುಟದಲ್ಲಿ ಕೈ: ವಿಡಿಯೊ ಗೇಮ್ ವಿಮರ್ಶೆಗೆ ಒಂದು ಮಾರ್ಗದರ್ಶಿ

ಕಥಾಪ್ರಧಾನ ವಿಡಿಯೊ ಗೇಮ್‌ಗಳನ್ನು ಆಡುವ ಓದುಗರಿಂದ, ಅದರಲ್ಲೂ ಹುಬ್ಬಳ್ಳಿ–ಧಾರವಾಡದ ಕಾಲೇಜು ವಿದ್ಯಾರ್ಥಿಗಳಿಂದ, ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಬರುತ್ತಲೇ ಇದೆ. ಗೇಮ್ ಮನಸ್ಸಿಗೆ ತಟ್ಟಿರುತ್ತದೆ, ಆದರೆ ಬರೆಯಲು ಕುಳಿತರೆ ಕಥೆಯ ಸಾರಾಂಶ ಬಿಟ್ಟು ಬೇರೇನೂ ಹೊಳೆಯುವುದಿಲ್ಲ. ಗೆಳೆಯರೊಡನೆ ಮಾತಿಗೆ ಕುಳಿತರೆ ‘ಮಸ್ತ್ ಐತಿ’ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಒಂದು ಕಾದಂಬರಿಯ ಬಗ್ಗೆ, ಒಂದು ನಾಟಕದ ಬಗ್ಗೆ ನಮ್ಮೂರಿನಲ್ಲಿ ತಾಸುಗಟ್ಟಲೆ ವಾದ ನಡೆಯುವಾಗ ಗೇಮ್ ಬಗ್ಗೆ ಹತ್ತು ನಿಮಿಷವೂ ಏಕೆ ಮಾತು ಸಾಗುವುದಿಲ್ಲ ಎಂಬುದು ಅವರ ಅಳಲು. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಒಟ್ಟಾಗಿ ಕೊಡುತ್ತಿದ್ದೇನೆ.

ಕ್ರಮದ ತಿರುಳು ಸರಳವಾಗಿದೆ. ಪರದೆಯ ಮೇಲೆ ಕಥೆ ಏನು ಹೇಳುತ್ತಿತ್ತು ಎಂಬುದನ್ನು ಒಂದು ಕಡೆಯೂ ಅದೇ ಹೊತ್ತಿಗೆ ನಮ್ಮ ಕೈ ಏನು ಮಾಡುತ್ತಿತ್ತು ಎಂಬುದನ್ನು ಇನ್ನೊಂದು ಕಡೆಯೂ ಬರೆದುಕೊಂಡು, ಎರಡನ್ನೂ ಒಂದರ ಮೇಲೊಂದಿಟ್ಟು ಒರೆಗೆ ಹಚ್ಚುವುದು. ಕೈಯ ಕೆಲಸವನ್ನು ಬಿಟ್ಟು ಬರೆದ ಗೇಮ್ ವಿಮರ್ಶೆ, ಹಾಡನ್ನು ಬಿಟ್ಟು ಸಾಹಿತ್ಯವನ್ನಷ್ಟೇ ನೋಡಿ ಶ್ರೀಕೃಷ್ಣ ಪಾರಿಜಾತದ ಆಟದ ಬಗ್ಗೆ ಬರೆದಂತೆ ಅರೆಬರೆಯಾಗುತ್ತದೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಉದಾಹರಣೆಗಳಿಲ್ಲದೆ ಈ ವಿಷಯವನ್ನು ವಿವರಿಸಲಾಗದ ಕಾರಣ ಫ್ಲಾರೆನ್ಸ್, ಪೇಪರ್ಸ್ ಪ್ಲೀಸ್, ದಿ ವಾಕಿಂಗ್ ಡೆಡ್, ಸ್ಪೆಕ್ ಆಪ್ಸ್ ಮತ್ತು ರೆಡ್ ಡೆಡ್ ರಿಡೆಂಪ್ಷನ್ 2 ಗೇಮ್‌ಗಳ ಕಥೆಯ ಕೆಲವು ಗುಟ್ಟುಗಳು ಕೆಳಗೆ ಬಯಲಾಗಿವೆ. ಆಡಬೇಕೆಂದಿರುವವರು ಆಯಾ ಭಾಗವನ್ನು ದಾಟಿ ಓದಬಹುದು.

ಬೇಕಾಗುವ ಸಾಮಗ್ರಿ

ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಪೆನ್ನು, ಮತ್ತು ಆಡಲು ಒಂದು ಸಾಧನ. ದುಬಾರಿ ಕನ್ಸೋಲ್ ಇಲ್ಲದವರು ವಿಮರ್ಶೆ ಬರೆಯಲಾರರು ಎಂಬ ಕೀಳರಿಮೆ ಬೇಡ. 2018ರಲ್ಲಿ ಬಂದ ಫ್ಲಾರೆನ್ಸ್ ಮೂಲತಃ ಮೊಬೈಲ್‌ಗಾಗಿಯೇ ತಯಾರಾದದ್ದು, ಒಂದು ತಾಸಿನೊಳಗೆ ಮುಗಿಯುತ್ತದೆ. ಮಾತೂ ಬಹಳ ಕಡಿಮೆ, ಆದ್ದರಿಂದ ಇಂಗ್ಲಿಷ್ ತೊಡಕಾಗುವುದಿಲ್ಲ. ಲ್ಯೂಕಾಸ್ ಪೋಪ್ 2013ರಲ್ಲಿ ಹೊರತಂದ ಪೇಪರ್ಸ್ ಪ್ಲೀಸ್ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ, 2022ರಿಂದ ಫೋನಿನಲ್ಲೂ ದೊರೆಯುತ್ತದೆ. ಆರಂಭಿಸುವವರಿಗೆ ಈ ಎರಡನ್ನು ನಾನು ಸೂಚಿಸುತ್ತೇನೆ.

ಕೆಲವು ಪದಗಳ ಅರ್ಥವನ್ನು ಇಲ್ಲಿಯೇ ಗೊತ್ತುಮಾಡಿಕೊಳ್ಳೋಣ. ಕಟ್‌ಸೀನ್ ಎಂದರೆ ಆಟಗಾರನ ಕೈ ಸುಮ್ಮನಿದ್ದು, ಸಿನಿಮಾದಂತೆ ಕೇವಲ ನೋಡಬೇಕಾದ ದೃಶ್ಯ. ಮೆಕ್ಯಾನಿಕ್ ಎಂದರೆ ಆಟಗಾರ ಮಾಡಬಹುದಾದ ಕ್ರಿಯೆ ಮತ್ತು ಅದಕ್ಕೆ ಗೇಮ್ ವಿಧಿಸಿದ ನಿಯಮ. ಹಾರುವುದು, ಮುದ್ರೆ ಒತ್ತುವುದು, ಮಾತನ್ನು ಆರಿಸುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಸ್ಪಾಯ್ಲರ್ ಎಂದರೆ ಆಡದವರಿಗೆ ಕಥೆಯ ಗುಟ್ಟು ರಟ್ಟು ಮಾಡುವ ಮಾತು.

ಹಂತ 1: ನೀವೇ ಆಡಿರಿ, ಯಾವ ಆವೃತ್ತಿ ಎಂದು ಗುರುತಿಸಿಕೊಳ್ಳಿರಿ

ಯೂಟ್ಯೂಬಿನಲ್ಲಿ ಬೇರೆಯವರು ಆಡಿದ್ದನ್ನು ನೋಡಿ ವಿಮರ್ಶೆ ಬರೆಯುವ ಅಭ್ಯಾಸ ಬೆಳೆಯುತ್ತಿದೆ. ಹಾಗೆ ನೋಡುವುದರಲ್ಲಿ ತಪ್ಪಿಲ್ಲ, ಆದರೆ ಬರಹದಲ್ಲಿ ಅದನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ನೋಡಿದವರಿಗೆ ಎಡಪುಟ, ಎಂದರೆ ಕಥೆ ಮಾತ್ರ ಸಿಕ್ಕಿರುತ್ತದೆ. ಜೊತೆಗೆ, ಗೇಮ್‌ಗಳು ಬಿಡುಗಡೆಯ ನಂತರವೂ ಬದಲಾಗುತ್ತವೆ ಎಂಬುದನ್ನು ಮರೆಯಬಾರದು. 2019ರ ಡಿಸ್ಕೊ ಎಲಿಸಿಯಂ ಗೇಮ್‌ಗೆ 2021ರ ಆವೃತ್ತಿಯಲ್ಲಿ ಪೂರ್ಣ ಪ್ರಮಾಣದ ಧ್ವನಿ ನಟನೆ ಸೇರಿತು. 2012ರ ಮಾಸ್ ಎಫೆಕ್ಟ್ 3ರ ಮುಕ್ತಾಯದ ಬಗ್ಗೆ ಆಟಗಾರರು ಕೋಪಗೊಂಡಾಗ ತಯಾರಕರು ಅದೇ ವರ್ಷ ಮುಕ್ತಾಯವನ್ನು ಹಿಗ್ಗಿಸಿ ಕೊಟ್ಟರು. ಹೀಗಿರುವಾಗ ಯಾವ ವರ್ಷದ ಯಾವ ಆವೃತ್ತಿಯನ್ನು, ಯಾವ ಸಾಧನದಲ್ಲಿ, ಎಷ್ಟು ಕಠಿಣತೆಯ ಮಟ್ಟದಲ್ಲಿ, ಎಷ್ಟು ತಾಸು ಆಡಿದಿರಿ ಎಂಬ ನಾಲ್ಕು ಮಾತುಗಳನ್ನು ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಬರೆಯದಿದ್ದರೆ ಆಮೇಲೆ ಇಬ್ಬರು ಬೇರೆ ಬೇರೆ ಗೇಮ್‌ಗಳ ಬಗ್ಗೆ ಜಗಳವಾಡಿದಂತಾಗುತ್ತದೆ.

ಹಂತ 2: ಎರಡು ಪುಟಗಳ ಟಿಪ್ಪಣಿ

ಇದು ಇಡೀ ಕ್ರಮದ ಬೆನ್ನೆಲುಬು. ನೋಟ್‌ಬುಕ್ಕನ್ನು ಬಿಡಿಸಿದಾಗ ಕಾಣುವ ಎಡಪುಟದಲ್ಲಿ ಕಥೆಯಲ್ಲಿ ನಡೆದದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ. ಅದರ ನೇರಕ್ಕೆ ಬಲಪುಟದಲ್ಲಿ ಆ ಹೊತ್ತು ನೀವು ಮಾಡಿದ ಕೆಲಸವನ್ನು, ಯಾವ ಅಲಂಕಾರವೂ ಇಲ್ಲದೆ, ಕ್ರಿಯಾಪದದಲ್ಲಿ ಬರೆಯಿರಿ: ಒತ್ತಿದೆ, ಎಳೆದೆ, ಕಾಯ್ದೆ, ಓಡಿದೆ, ಸುಮ್ಮನೆ ನೋಡಿದೆ. ‘ನಾಯಕ ದುಃಖಪಟ್ಟ’ ಎಂಬುದು ಬಲಪುಟಕ್ಕೆ ಸಲ್ಲದು; ‘ನಡಿಗೆಯ ವೇಗ ಅರ್ಧಕ್ಕೆ ಇಳಿಯಿತು, ಓಡುವ ಗುಂಡಿ ಕೆಲಸ ಮಾಡಲಿಲ್ಲ’ ಎಂಬುದು ಸಲ್ಲುತ್ತದೆ. ಆಡುತ್ತಾ ಬರೆಯಲು ಹೋದರೆ ಎರಡೂ ಕೆಡುತ್ತವೆ. ಪ್ರತಿ ಅರ್ಧ ತಾಸಿಗೊಮ್ಮೆ, ಅಥವಾ ಗೇಮ್ ತಾನಾಗಿಯೇ ಸೇವ್ ಆದಾಗ, ನಿಲ್ಲಿಸಿ ಬರೆಯಿರಿ. (ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಓಣಿಗಳಲ್ಲಿ ಈ ಅಭ್ಯಾಸಕ್ಕೆ ಬೇರೆ ಉಪಯೋಗವೂ ಇದೆ.)

ಫ್ಲಾರೆನ್ಸ್‌ನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಫ್ಲಾರೆನ್ಸ್ ಎಂಬ ಯುವತಿಯೂ ಕ್ರಿಶ್ ಎಂಬ ಭಾರತೀಯ ಮೂಲದ ಚೆಲ್ಲೊವಾದಕನೂ ಪ್ರೀತಿಸಿ, ಒಟ್ಟಿಗೆ ಬಾಳಿ, ಕೊನೆಗೆ ದೂರವಾಗುತ್ತಾರೆ. ಎಡಪುಟದಲ್ಲಿ ಇಷ್ಟೇ, ಇದನ್ನು ಮಾತ್ರ ಓದಿದವರು ‘ಇದರಲ್ಲಿ ಹೊಸತೇನು?’ ಎನ್ನುವುದು ಸಹಜ. ಬಲಪುಟಕ್ಕೆ ಬನ್ನಿ. ಮೊದಲ ಭೇಟಿಯ ಸಂಭಾಷಣೆಯಲ್ಲಿ ಮಾತಿನ ಗುಳ್ಳೆಯನ್ನು ಹಲವು ತುಂಡುಗಳಿಂದ ಜೋಡಿಸಬೇಕು. ಸಲಿಗೆ ಬೆಳೆದಂತೆ ತುಂಡುಗಳು ಕಡಿಮೆಯಾಗುತ್ತಾ ಹೋಗಿ ಮಾತು ಸಲೀಸಾಗುತ್ತದೆ. ಜಗಳ ಬಂದಾಗ ತುಂಡುಗಳ ಅಂಚು ಚೂಪಾಗುತ್ತದೆ, ಬೇಗ ಜೋಡಿಸಬೇಕೆಂಬ ಅವಸರ ಬೆರಳಿಗೆ ಹತ್ತುತ್ತದೆ. ಇಬ್ಬರೂ ಒಂದೇ ಮನೆಗೆ ಬಂದಾಗ ಕಪಾಟಿನಲ್ಲಿ ಅವನ ಸಾಮಾನುಗಳಿಗೆ ಜಾಗ ಮಾಡಲು ಅವಳ ಯಾವ ವಸ್ತುವನ್ನು ತೆಗೆದಿಡಬೇಕು ಎಂಬುದನ್ನು ನೀವೇ ತೀರ್ಮಾನಿಸಬೇಕು. ಒಂದು ಸಾಲು ಮಾತಿಲ್ಲದೆ, ಪ್ರೀತಿಯಲ್ಲಿ ಸರಾಗವಾಗುವುದು ಹೇಗೆ, ಜಾಗ ಬಿಟ್ಟುಕೊಡುವುದು ಹೇಗೆ ಎಂಬುದನ್ನು ಬೆರಳು ಅನುಭವಿಸಿತು. ಈ ಗೇಮ್‌ನ ಬಗ್ಗೆ ಬರೆಯಬೇಕಾದದ್ದೆಲ್ಲ ಬಲಪುಟದಲ್ಲೇ ಇದೆ.

ಸಾಮಾನ್ಯವಾಗಿ ಆಗುವ ತಪ್ಪು: ಬಲಪುಟ ಖಾಲಿ ಉಳಿದರೆ ‘ಬರೆಯಲು ಏನೂ ಇರಲಿಲ್ಲ’ ಎಂದುಕೊಂಡು ಬಿಟ್ಟುಬಿಡುವುದು. ಖಾಲಿ ಪುಟವೂ ಒಂದು ಸಾಕ್ಷಿ. ಕಥೆಯ ಮುಖ್ಯ ತಿರುವುಗಳೆಲ್ಲ ಕಟ್‌ಸೀನ್‌ಗಳಲ್ಲೇ ನಡೆದು ನಡುವೆ ಹೊಡೆದಾಟ ಮಾತ್ರ ಉಳಿದಿದ್ದರೆ, ಆ ಗೇಮ್ ತನ್ನ ಕಥೆಯನ್ನು ಆಟಗಾರನ ಕೈಗೆ ಕೊಡಲು ಹಿಂಜರಿದಿದೆ ಎಂದರ್ಥ. ಪುಣೆಯ ನೋಡಿಂಗ್ ಹೆಡ್ಸ್ ತಂಡ 2020ರಲ್ಲಿ ಹೊರತಂದ ರಾಜಿ ಗೇಮ್‌ನಲ್ಲಿ ಅಪಹೃತನಾದ ತಮ್ಮನನ್ನು ಹುಡುಕುವ ಹುಡುಗಿಯ ಕಥೆಯನ್ನು ತೊಗಲುಗೊಂಬೆಯ ಶೈಲಿಯ ಕಟ್‌ಸೀನ್‌ಗಳಲ್ಲಿ ಹೇಳಿದ್ದಾರೆ. ನೋಡಲು ಬಹಳ ಚಂದ. ಆದರೆ ಗೊಂಬೆಯಾಟ ಬಂದಾಗ ಕೈ ಸುಮ್ಮನಿರುತ್ತದೆ, ಕೈ ಕೆಲಸ ಮಾಡುವಾಗ ಗೊಂಬೆಯಾಟ ಇರುವುದಿಲ್ಲ. ಅಷ್ಟು ಒಳ್ಳೆಯ ಕಲ್ಪನೆ ಆಟದೊಳಗೆ ಇಳಿಯಲಿಲ್ಲವೆಂದು ನನಗೆ ಅನಿಸಿತು.

ಹಂತ 3: ಎರಡು ಪುಟಗಳು ಹೊಂದುತ್ತವೆಯೇ ಎಂದು ನೋಡುವುದು

ಆಟ ಮುಗಿದ ಮೇಲೆ ಟಿಪ್ಪಣಿಗಳನ್ನು ಅಡ್ಡಸಾಲಿನಲ್ಲಿ ಓದಿ, ಎಡ ಬಲ ಕೂಡಿದ ಕಡೆ ಒಂದು ಗುರುತು, ಜಗಳವಾಡಿದ ಕಡೆ ಇನ್ನೊಂದು ಗುರುತು ಹಾಕಿರಿ. ಕಥೆ ಒಂದು ಹೇಳಿ ಆಟ ಇನ್ನೊಂದನ್ನು ಮಾಡಿಸುವ ಈ ಬಗೆಯ ಅಪಶ್ರುತಿಗೆ 2007ರಲ್ಲಿ ಗೇಮ್ ವಿನ್ಯಾಸಕ ಕ್ಲಿಂಟ್ ಹಾಕಿಂಗ್ ‘ಲೂಡೊನ್ಯಾರೆಟಿವ್ ಡಿಸೊನೆನ್ಸ್’ ಎಂಬ ಹೆಸರಿಟ್ಟರು. ಅದೇ ವರ್ಷದ ಬಯೋಶಾಕ್ ಗೇಮ್‌ನ ಬಗ್ಗೆ ಬರೆಯುತ್ತಾ, ಆಟದ ನಿಯಮಗಳು ಸ್ವಾರ್ಥವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಡುತ್ತವೆ, ಕಥೆಯಾದರೋ ಇನ್ನೊಬ್ಬನಿಗೆ ನೆರವಾಗುವಂತೆ ಬಲವಂತ ಮಾಡುತ್ತದೆ ಎಂಬುದು ಅವರ ಆಕ್ಷೇಪವಾಗಿತ್ತು. ಸಂಗೀತದ ಊರಾದ ಧಾರವಾಡದಲ್ಲಿ ‘ಅಪಶ್ರುತಿ’ ಎಂಬ ಪದವನ್ನು ವಿವರಿಸುವ ಅಗತ್ಯವಿಲ್ಲವಾದ್ದರಿಂದ ನಾನು ಅದನ್ನೇ ಬಳಸುತ್ತೇನೆ.

2018ರ ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಕೂಡಿಕೆ, ಅಪಶ್ರುತಿ ಎರಡೂ ಸಿಗುತ್ತವೆ. 1899ರ ಅಮೆರಿಕದಲ್ಲಿ ಡಕಾಯಿತರ ಗುಂಪಿನ ಆರ್ಥರ್ ಮಾರ್ಗನ್ ಸಾಲ ವಸೂಲಿಗೆ ಹೋಗಿ ಕಾಯಿಲೆಯ ಸಾಲಗಾರನೊಬ್ಬನನ್ನು ಥಳಿಸುತ್ತಾನೆ. ಥಳಿಸುವ ಗುಂಡಿಯನ್ನು ಒತ್ತುವವರು ನೀವು. ಹಲವು ತಾಸುಗಳ ನಂತರ ಆರ್ಥರನಿಗೆ ಕ್ಷಯರೋಗ ತಗುಲಿರುವುದು ತಿಳಿಯುತ್ತದೆ. ಅದು ಬಂದದ್ದು ಆ ಸಾಲಗಾರನಿಂದ. ತಪ್ಪಿನ ಭಾರ ಕಥಾನಾಯಕನ ಮೇಲೆ ಬಿದ್ದಂತೆ ಆಟಗಾರನ ಬೆರಳಿನ ಮೇಲೂ ಬೀಳುತ್ತದೆ, ಇದು ಕೂಡಿಕೆ. ಆದರೆ ಅದೇ ಗೇಮ್ ಬಯಲಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಲು ಬಿಟ್ಟು, ಕಥೆಯ ಕಾರ್ಯಾಚರಣೆ (ಮಿಷನ್) ಆರಂಭವಾದ ಕೂಡಲೇ ತಾನು ಹೇಳಿದ ದಾರಿ ಬಿಟ್ಟು ಸ್ವಲ್ಪ ಅತ್ತಿತ್ತ ಸರಿದರೂ ‘ವಿಫಲ’ ಎಂದು ಮತ್ತೆ ಮೊದಲಿನಿಂದ ಆಡಿಸುತ್ತದೆ. ಸ್ವಾತಂತ್ರ್ಯಕ್ಕಾಗಿ ಹಾತೊರೆಯುವವರ ಕಥೆಯಲ್ಲಿ ಆಟಗಾರನಿಗೆ ಈ ಬಂಧನ. ಇದು ದೋಷವೇ, ಅಥವಾ ಆ ಜನರ ಸ್ವಾತಂತ್ರ್ಯವೇ ಭ್ರಮೆ ಎಂದು ತೋರಿಸುವ ಉಪಾಯವೇ? ನನ್ನ ಮಟ್ಟಿಗೆ ದೋಷವೇ, ಏಕೆಂದರೆ ಬಂಧನ ಎಲ್ಲ ಕಾರ್ಯಾಚರಣೆಗಳಲ್ಲೂ ಒಂದೇ ಸಮನಾಗಿದೆ. ಕಥೆಯ ಇಕ್ಕಟ್ಟಿಗೆ ತಕ್ಕಂತೆ ಬಿಗಿಯಾಗುವುದೂ ಇಲ್ಲ, ಸಡಿಲವಾಗುವುದೂ ಇಲ್ಲ. ನೀವು ಒಪ್ಪದಿರಬಹುದು, ಆದರೆ ಒಪ್ಪದಿರಲು ಹೀಗೆ ಒಂದು ಆಧಾರ ಕೊಡಬೇಕು.

ಎಚ್ಚರಿಕೆ: ಅಪಶ್ರುತಿಯನ್ನು ಕಂಡಕೂಡಲೇ ದೋಷವೆಂದು ತೀರ್ಪು ಕೊಡಬೇಡಿ. ಪೇಪರ್ಸ್ ಪ್ಲೀಸ್‌ನಲ್ಲಿ ಆ ಅಪಶ್ರುತಿಯೇ ಗೇಮ್‌ನ ಜೀವಾಳ. 1982ರ ಆರ್ಸ್ಟೋಟ್ಜ್ಕಾ ಎಂಬ ಕಲ್ಪಿತ ದೇಶದ ಗಡಿ ಠಾಣೆಯಲ್ಲಿ ನೀವು ಕಾಗದಪತ್ರ ಪರಿಶೀಲಿಸುವ ನೌಕರ. ಪರಿಶೀಲಿಸಿದ ಪ್ರತಿಯೊಬ್ಬನಿಗೆ 5 ನಾಣ್ಯ ಕೂಲಿ. ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆಯ ಚೀಟಿ, ಮೂರನೆಯದರಿಂದ ದಂಡ. ಸಂಜೆ ಆ ಹಣದಲ್ಲಿ ಬಾಡಿಗೆ, ಊಟ, ಚಳಿಗೆ ಬೆಂಕಿ ಎಲ್ಲವೂ ಸಾಗಬೇಕು. ಒಂದು ದಿನ ಗಂಡನ ಕಾಗದಗಳು ಸರಿಯಿವೆ, ಹಿಂದೆ ನಿಂತ ಹೆಂಡತಿಯ ಬಳಿ ಪ್ರವೇಶಪತ್ರವಿಲ್ಲ, ದಯವಿಟ್ಟು ಬಿಡಿ ಎಂದು ಬೇಡುತ್ತಾರೆ. ಮನಸ್ಸು ಬಿಡು ಎನ್ನುತ್ತದೆ. ಕೈ ಆ ಹೊತ್ತಿಗೆ ಇಂದು ಎಷ್ಟು ತಪ್ಪಾಗಿವೆ ಎಂದು ಲೆಕ್ಕ ಹಾಕುತ್ತಿರುತ್ತದೆ. ಆ ಲೆಕ್ಕ ಹಾಕಿದ್ದಕ್ಕಾಗಿ ಆಮೇಲೆ ಹುಟ್ಟುವ ನಾಚಿಕೆಯೇ ಇಲ್ಲಿನ ಕಥೆ. ಸರಕಾರಿ ಕಚೇರಿಯ ಕಿಟಕಿಯ ಹೊರಗೆ ಸರದಿಯಲ್ಲಿ ನಿಂತು ಬೇಸತ್ತ ನಮ್ಮವರಿಗೆ ಕಿಟಕಿಯ ಒಳಗಿನ ಕುರ್ಚಿ ಹೇಗಿರುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು.

ಹಂತ 4: ಆಯ್ಕೆಗಳನ್ನು ತೂಗುವುದು

‘ಈ ಗೇಮ್‌ನಲ್ಲಿ ಆಯ್ಕೆಗಳೆಲ್ಲ ಸುಳ್ಳು, ಏನು ಆರಿಸಿದರೂ ಕಥೆ ಒಂದೇ ಕಡೆ ಹೋಗುತ್ತದೆ’ ಎಂಬುದು ನಾನು ಅತಿ ಹೆಚ್ಚು ಕೇಳುವ ದೂರು. ದೂರು ಹಲವು ಸಲ ನಿಜ. 2012ರ ದಿ ವಾಕಿಂಗ್ ಡೆಡ್ ಗೇಮ್‌ನಲ್ಲಿ ಡಗ್, ಕಾರ್ಲಿ ಎಂಬಿಬ್ಬರಲ್ಲಿ ಒಬ್ಬರನ್ನಷ್ಟೇ ಉಳಿಸಬಹುದು. ಹಾಗೆ ಉಳಿಸಿಕೊಂಡವರೂ ಮೂರನೆಯ ಭಾಗದಲ್ಲಿ ಸಾಯುತ್ತಾರೆ. ಕವಲೊಡೆದ ದಾರಿ ಮುಂದೆ ಮತ್ತೆ ಕೂಡುತ್ತದೆ. ಹಾಗೆಂದು ಆಯ್ಕೆಗೆ ಬೆಲೆಯೇ ಇಲ್ಲವೆನ್ನುವುದು ಅವಸರದ ಮಾತು. ಆರಿಸುವ ಹೊತ್ತಿಗೆ ನಿಮಗೆ ಎಷ್ಟು ಸಮಯವಿತ್ತು, ಏನು ತಿಳಿದಿತ್ತು, ಯಾವ ಕಾರಣ ಕೊಟ್ಟುಕೊಂಡಿರಿ, ಆಮೇಲೆ ಯಾರ ಮುಖ ನೋಡಲು ಕಷ್ಟವಾಯಿತು ಎಂಬುದನ್ನು ಬರೆದು, ನಂತರ ಕಥೆ ಅದನ್ನು ನೆನಪಿಟ್ಟುಕೊಂಡಿತೇ ಎಂದು ನೋಡಿರಿ.

ಆಯ್ಕೆಯೇ ಇಲ್ಲದ ಕಡೆ ಆಟಗಾರನನ್ನು ದೂಷಿಸಬಹುದೇ ಎಂಬುದು ಇನ್ನೂ ಗಟ್ಟಿ ಪ್ರಶ್ನೆ. ಬರ್ಲಿನ್ನಿನ ಯಾಗರ್ ಸಂಸ್ಥೆಯ ಸ್ಪೆಕ್ ಆಪ್ಸ್: ದಿ ಲೈನ್ ಗೇಮ್‌ನಲ್ಲಿ ಬಿಳಿ ರಂಜಕದ ಬಾಂಬು ಹಾಕದೆ ಮುಂದೆ ಸಾಗಲು ಸಾಧ್ಯವಿಲ್ಲ, ಹಾಕಿದ ಮೇಲೆ ಸತ್ತವರಲ್ಲಿ ನಾಗರಿಕರೂ ಇದ್ದುದು ಕಾಣುತ್ತದೆ, ಮತ್ತು ಗೇಮ್ ಅಪರಾಧವನ್ನು ಆಟಗಾರನ ತಲೆಗೂ ಕಟ್ಟುತ್ತದೆ. ಕೆಲವರಿಗೆ ಇದು ಅನ್ಯಾಯ, ಕೆಲವರಿಗೆ ಯುದ್ಧದ ಗೇಮ್‌ಗಳನ್ನು ಆಡುವ ನಮ್ಮ ಚಟಕ್ಕೇ ಹಿಡಿದ ಕನ್ನಡಿ. ಗದುಗಿನ ಭಾರತವನ್ನು ಕೇಳಿ ಬೆಳೆದವರಿಗೆ ಈ ಬಗೆಯ ವಾದ ಹೊಸದಾಗಬೇಕಿಲ್ಲ. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿತ್ತು ಎಂದು ದ್ರೌಪದಿ ಕೇಳಿದ್ದು ಪಗಡೆಯ ನಿಯಮದ ಬಗ್ಗೆ. ಆದರೆ ಆ ನಿಯಮದ ಪ್ರಶ್ನೆಗೆ ಇಡೀ ಸಭೆ ತಲೆತಗ್ಗಿಸಿತು. ಗೇಮ್‌ನ ನಿಯಮವೊಂದನ್ನು ಹಿಡಿದು ಧರ್ಮದ ಪ್ರಶ್ನೆ ಕೇಳುವುದನ್ನು ಅಲ್ಲಿಂದ ಕಲಿಯಬಹುದು.

ಹಂತ 5: ಕನ್ನಡದಲ್ಲಿ ಬರೆಯುವುದು

ಗೇಮ್ ಬಗ್ಗೆ ಬರೆಯಲು ಕನ್ನಡದಲ್ಲಿ ಪದಗಳಿಲ್ಲ ಎನ್ನುವವರಿಗೆ ನನ್ನ ಸಲಹೆ ಇಷ್ಟೇ. ವಸ್ತುಗಳ ಹೆಸರನ್ನು ಎಲ್ಲರೂ ಹೇಳುವಂತೆ ಕಂಟ್ರೋಲರ್, ಸೇವ್, ಲೆವೆಲ್ ಎಂದೇ ಇರಿಸಿಕೊಳ್ಳಿರಿ. ಅವಕ್ಕೆ ಹೊಸ ಸಂಸ್ಕೃತ ಪದ ಟಂಕಿಸುತ್ತಾ ಕೂತರೆ ವಿಮರ್ಶೆ ಹಿಂದೆ ಬೀಳುತ್ತದೆ. ತೀರ್ಪಿನ ಪದಗಳನ್ನು ಮಾತ್ರ ಕನ್ನಡದಿಂದಲೇ ತೆಗೆದುಕೊಳ್ಳಿರಿ, ಅಲ್ಲಿ ನಮಗೆ ಬಡತನವಿಲ್ಲ: ಔಚಿತ್ಯ, ಹದ, ಬಿಗಿ, ಎಳೆತ, ಜೊಳ್ಳು, ಧ್ವನಿ. ‘ಗೇಮ್‌ಪ್ಲೇ ಚೆನ್ನಾಗಿದೆ’ ಎಂಬ ವಾಕ್ಯವನ್ನು ಹೊಡೆದುಹಾಕಿ ಏನು ಮಾಡುವಾಗ, ಎಷ್ಟನೆಯ ಸಲ, ಏಕೆ ಹಿಡಿಸಿತು ಎಂದು ಬರೆಯಿರಿ. ಹತ್ತಕ್ಕೆ ಎಂಟು, ಐದಕ್ಕೆ ನಾಲ್ಕು ಎಂದು ಅಂಕ ಕೊಡಬೇಡಿ. ಅಂಕ ಕಂಡ ಓದುಗ ಉಳಿದದ್ದನ್ನು ಓದುವುದಿಲ್ಲ.

ನಿಮ್ಮ ಊರಿನ ಕಣ್ಣನ್ನೂ ಮುಚ್ಚಿಡಬೇಡಿ. 2023ರ ವೆಂಬಾ ಗೇಮ್‌ನಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳು ತನ್ನ ಅಮ್ಮನ ಹಳೆಯ ಅಡುಗೆ ಪುಸ್ತಕ ನೋಡಿ ಇಡ್ಲಿ ಮಾಡಬೇಕು. ಪುಟ ಹರಿದು ಅಕ್ಷರ ಅಳಿಸಿರುವ ಕಡೆ ಆಟಗಾರ ಊಹಿಸಬೇಕಾಗುತ್ತದೆ. ಹೊರದೇಶದ ವಿಮರ್ಶಕನಿಗೆ ಇದು ಬಿಡಿಸಬೇಕಾದ ಒಗಟು. ಮನೆಯಲ್ಲಿ ಇಡ್ಲಿ ಪಾತ್ರೆಯ ತಟ್ಟೆ ಜೋಡಿಸಿದವರಿಗೆ ಉತ್ತರ ಕೈಯಲ್ಲೇ ಇರುತ್ತದೆ, ಹೀಗಾಗಿ ಅದೇ ಕ್ರಿಯೆ ಅವರಿಗೆ ಒಗಟಾಗದೆ ನೆನಪಾಗುತ್ತದೆ. ಈ ವ್ಯತ್ಯಾಸವನ್ನು ನಮ್ಮ ಕಡೆಯವರೇ ಬರೆಯಬೇಕು.

ಹಂತ 6: ಚರ್ಚೆಗೆ ಕೂಡುವುದು

ನಾಲ್ಕರಿಂದ ಆರು ಜನ ಸಾಕು, ಯಾರದಾದರೂ ಮನೆಯ ಜಗಲಿ ಸಾಕು. ಎಲ್ಲರೂ ಆಡಿ ಮುಗಿಸಿದ ಗೇಮ್ ಇರಲಿ. ಐವತ್ತು ತಾಸಿನ ಗೇಮ್ ಆದರೆ ಇಂಥ ಅಧ್ಯಾಯದವರೆಗೆ ಎಂದು ಗೊತ್ತುಮಾಡಿಕೊಂಡು, ಅದರಾಚೆಯ ಮಾತು ಆಡಬಾರದೆಂದು ಕರಾರು ಮಾಡಿಕೊಳ್ಳಿರಿ. ಆರಂಭಕ್ಕೆ ಅಭಿಪ್ರಾಯ ಕೇಳಬೇಡಿ. ಪ್ರತಿಯೊಬ್ಬರೂ ಬಲಪುಟದ ಒಂದೇ ಒಂದು ಸಾಲನ್ನು ಓದಲಿ. ಕಂಪನಿ ನಾಟಕವನ್ನು ಒಂದೇ ರಾತ್ರಿ ನೋಡಿದ ನೂರು ಜನ ಹೆಚ್ಚುಕಡಿಮೆ ಒಂದೇ ನಾಟಕ ನೋಡಿರುತ್ತಾರೆ, ಆದರೆ ಒಂದೇ ಗೇಮ್ ಆಡಿದ ವಿದ್ಯಾನಗರದವನೂ ಕೇಶ್ವಾಪುರದವಳೂ ಬೇರೆ ಬೇರೆ ಸಾಲುಗಳನ್ನು ಓದುತ್ತಾರೆ. ಚರ್ಚೆ ಆ ವ್ಯತ್ಯಾಸದಿಂದಲೇ ಹುಟ್ಟುತ್ತದೆ: ‘ನೀನು ಅಲ್ಲಿ ಕಾಯ್ದೆಯಾ? ನಾನು ಕಾಯಲೇ ಇಲ್ಲವಲ್ಲ!’

ವಾದ ಬಿಸಿಯಾದಾಗ ಬಹುತೇಕ ಕಡೆ ಆಗುವ ತಪ್ಪೆಂದರೆ ತಯಾರಕರ ಉದ್ದೇಶ ಏನಿತ್ತು ಎಂದು ಹುಡುಕಲು ಹೊರಡುವುದು. ಅದರ ಬದಲು ಸೇವ್ ಕಡತ ತೆರೆದು ಆ ದೃಶ್ಯವನ್ನು ಒಪ್ಪದವರ ಕೈಯಲ್ಲೇ ಆಡಿಸಿರಿ. ಬಾಯಿಮಾತಿನಲ್ಲಿ ಅರ್ಧ ತಾಸು ಹಿಡಿಯುವ ಜಗಳ ಐದು ನಿಮಿಷದಲ್ಲಿ ಇತ್ಯರ್ಥವಾಗುವುದನ್ನು, ಅಥವಾ ಇನ್ನಷ್ಟು ಆಸಕ್ತಿಕರವಾಗಿ ಬೆಳೆಯುವುದನ್ನು ನಾನು ನೋಡಿದ್ದೇನೆ.

ಹಂತ 7: ಎರಡನೆಯ ಸಲ

ಬರಹ ಮುಗಿದ ಮೇಲೆ, ಗೇಮ್ ಆಡದ ಒಬ್ಬರಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿರಿ. ಅವರು ‘ಮುಂದೇನಾಯಿತು?’ ಎಂದಷ್ಟೇ ಕೇಳಿದರೆ ನೀವು ಕಥೆಯ ಸಾರಾಂಶ ಬರೆದಿದ್ದೀರಿ, ಮತ್ತೆ ಎರಡನೆಯ ಹಂತಕ್ಕೆ ಹೋಗಬೇಕು. ‘ಅಲ್ಲಿ ನೀನು ಹಾಗೇಕೆ ಮಾಡಿದೆ?’ ಎಂದು ಕೇಳಿದರೆ ಪ್ರಕಟಿಸಬಹುದು. ಚಿಕ್ಕ ಗೇಮ್ ಆಗಿದ್ದರೆ ಒಂದೆರಡು ತಿಂಗಳು ಬಿಟ್ಟು ಇನ್ನೊಮ್ಮೆ ಆಡಿರಿ, ಮೊದಲ ಸಲ ಆರಿಸದ ದಾರಿಯನ್ನು ಆರಿಸಿರಿ, ಮತ್ತು ಹೊಸ ಟಿಪ್ಪಣಿಯನ್ನು ಬೇರೆ ಬಣ್ಣದ ಪೆನ್ನಿನಿಂದ ಹಳೆಯ ಸಾಲುಗಳ ಕೆಳಗೇ ಬರೆಯಿರಿ. ಹಳೆಯದನ್ನು ಹೊಡೆದುಹಾಕಬೇಡಿ, ಮುಂದಿನ ಬೈಠಕ್ಕಿನಲ್ಲಿ ಓದಲು ಆ ಎರಡು ಬಣ್ಣಗಳೂ ಬೇಕಾಗುತ್ತವೆ.